ಅಪಘಾತದ ಗಾಯಾಳುವಿನಲ್ಲಿ ಮಹಾಪಧಮನಿಯ ಗಾಯವನ್ನು ಸಿಟಿ ಸ್ಕ್ಯಾನಿನಿಂದ ಪತ್ತೆಹಚ್ಚುವ ಬಗೆ: ಕಲಬುರಗಿ, ಬೀದರ್, ಯಾದಗಿರಿಯ ತುರ್ತು ಘಟಕಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೈದರಾಬಾದಿನಿಂದ ಜಹೀರಾಬಾದ್, ಹುಮನಾಬಾದ್ ದಾಟಿ ಸೋಲಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65, ಬೀದರಿನಿಂದ ಕಲಬುರಗಿ, ಜೇವರ್ಗಿ ಮಾರ್ಗವಾಗಿ ವಿಜಯಪುರದ ಕಡೆಗೆ ಇಳಿಯುವ ಹೆದ್ದಾರಿ 50, ಕಲಬುರಗಿಯನ್ನು ಯಾದಗಿರಿಗೆ ಜೋಡಿಸುವ ಹೆದ್ದಾರಿ 150, ಈ ಮೂರರ ಮೇಲೂ ಸಿಮೆಂಟ್ ಲಾರಿಗಳು, ಕಬ್ಬಿನ ಟ್ರ್ಯಾಕ್ಟರುಗಳು, ತೊಗರಿ ರಾಶಿಗೆ ಕೂಲಿಕಾರರನ್ನು ತುಂಬಿಕೊಂಡ ಕ್ರೂಸರುಗಳು, ಟಂಟಂಗಳು ಮತ್ತು ಬೈಕುಗಳು ಒಟ್ಟೊಟ್ಟಿಗೆ ಓಡುತ್ತವೆ. ಡಿಕ್ಕಿಯಾದಾಗ ಕಾಲು ಮುರಿದದ್ದು, ತಲೆ ಒಡೆದದ್ದು ಎಲ್ಲರಿಗೂ ಕಾಣುತ್ತದೆ. ಎದೆಯೊಳಗೆ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಒಳಪದರ ಹರಿದು, ಹೊರಪದರವೊಂದೇ ರಕ್ತವನ್ನು ತಡೆದು ನಿಂತಿರುವುದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಅಂಥ ಗಾಯಾಳು ಮಾತನಾಡುತ್ತಲೇ ಆಸ್ಪತ್ರೆಗೆ ಬರಬಹುದು, ಕಾಲಿನ ನೋವನ್ನಷ್ಟೇ ಹೇಳಬಹುದು, ಕೆಲವು ಗಂಟೆಗಳ ನಂತರ ಒಮ್ಮೆಲೇ ಕುಸಿಯಬಹುದು.

ಕುದುರೆಯಿಂದ ಬಿದ್ದವನೊಬ್ಬನಲ್ಲಿ ಈ ಗಾಯವನ್ನು ಅಂಗರಚನಾ ತಜ್ಞ ವೆಸಾಲಿಯಸ್ 1557ರಷ್ಟು ಹಿಂದೆಯೇ ದಾಖಲಿಸಿದ್ದನು. 1958ರಲ್ಲಿ ಪಾರ್ಮ್ಲೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಮಹಾಪಧಮನಿ ಹರಿದವರಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆ ತಲುಪುವ ಮುನ್ನವೇ ಸಾಯುತ್ತಾರೆ ಎಂದು ತೋರಿಸಿತು. ಹಾಗಾಗಿ ನಮ್ಮ ತುರ್ತು ಘಟಕದ ಬಾಗಿಲಿಗೆ ಜೀವಂತವಾಗಿ ಬಂದವರು ಉಳಿಸಬಹುದಾದವರು, ಮತ್ತು ಅವರನ್ನು ಗುರುತಿಸುವ ಮುಖ್ಯ ಸಾಧನ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ಬೆಳ್ಳಗೆ ತೋರಿಸುವ ಕಾಂಟ್ರಾಸ್ಟ್ ಔಷಧ ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್. ಸರಿಯಾಗಿ ಮಾಡಿದ ಸಿಟಿ ಆಂಜಿಯೋ ಸಹಜವಾಗಿದ್ದರೆ ಮಹಾಪಧಮನಿಗೆ ಶಸ್ತ್ರಚಿಕಿತ್ಸೆ ಬೇಕಾಗುವಂಥ ಗಾಯ ಇಲ್ಲವೆಂದು ಬಹುತೇಕ ನಿಶ್ಚಿತವಾಗಿ ಹೇಳಬಹುದು. "ಸರಿಯಾಗಿ ಮಾಡಿದ" ಎಂಬ ಷರತ್ತಿನ ಮೇಲೆಯೇ ಎಲ್ಲವೂ ನಿಂತಿದೆ. ಜಿಲ್ಲಾ ಕೇಂದ್ರದಲ್ಲಿ ಮಾಡಿದ ಮೊದಲ ಸಿಟಿಯನ್ನು ನೋಡಿಯೇ ಮುಂದಿನ ಆಸ್ಪತ್ರೆಯ ಶಸ್ತ್ರವೈದ್ಯರು ಹರಿದ ಜಾಗವನ್ನು ಒಳಗಿನಿಂದ ಮುಚ್ಚುವ ಸ್ಟೆಂಟ್ ಕೊಳವೆಯ ಅಳತೆ ನಿರ್ಧರಿಸುವಂತಾಗಬೇಕು. ಹೈದರಾಬಾದಿಗೆ ಹೋದ ಮೇಲೆ ಅದೇ ಗಾಯಾಳುವಿಗೆ ಮತ್ತೆ ಕಾಂಟ್ರಾಸ್ಟ್ ಕೊಟ್ಟು, ಮತ್ತೊಂದು ಗಂಟೆ ಕಳೆಯುವಂತಾಗಬಾರದು. ತುರ್ತು ಘಟಕದ ಡ್ಯೂಟಿ ವೈದ್ಯರು, ಸಿಟಿ ತಂತ್ರಜ್ಞರು ಮತ್ತು ರೇಡಿಯಾಲಜಿ ಕಲಿಯುತ್ತಿರುವ ಕಿರಿಯ ವೈದ್ಯರಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾರಲ್ಲಿ ಸಂಶಯಪಡಬೇಕು

ಗಾಯ ಹೇಗಾಯಿತು ಎಂಬುದು ಮೊದಲ ಸುಳಿವು. ವೇಗವಾಗಿ ಚಲಿಸುತ್ತಿದ್ದ ದೇಹ ಒಮ್ಮೆಲೇ ನಿಂತಾಗ ಮಹಾಪಧಮನಿಯ ಕಮಾನು ಮುಂದಕ್ಕೆ ಜಗ್ಗುತ್ತದೆ, ಬೆನ್ನುಮೂಳೆಗೆ ಅಂಟಿಕೊಂಡಿರುವ ಇಳಿಭಾಗ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಭಾಗ, ಅಂದರೆ ಎಡ ತೋಳಿಗೆ ರಕ್ತ ಒಯ್ಯುವ ಎಡ ಸಬ್‌ಕ್ಲೇವಿಯನ್ ಅಪಧಮನಿಯ ಬುಡದ ಆಚೆಗೆ, ಲಿಗಮೆಂಟಮ್ ಆರ್ಟೀರಿಯೋಸಮ್ ಎಂಬ ನಾರಿನ ಪಟ್ಟಿ ಅಂಟಿಕೊಂಡಿರುವ ಇಸ್ತ್ಮಸ್ ಎಂಬ ಜಾಗ, ಹೆಚ್ಚಿನ ಪೆಟ್ಟನ್ನು ತಿನ್ನುತ್ತದೆ. ಎದೆಮೂಳೆ ಮತ್ತು ಬೆನ್ನುಮೂಳೆಗಳ ನಡುವೆ ರಕ್ತನಾಳ ಹಿಸುಕಿಹೋಗುವುದು, ರಕ್ತದೊತ್ತಡ ಕ್ಷಣಮಾತ್ರದಲ್ಲಿ ಏರುವುದು ಇವೂ ಸೇರಿಕೊಳ್ಳುತ್ತವೆ. ಆಸ್ಪತ್ರೆಗೆ ಬಂದು ಸಿಟಿಯಲ್ಲಿ ಪತ್ತೆಯಾಗುವ ಗಾಯಗಳಲ್ಲಿ ಸುಮಾರು ಶೇ 90ರಷ್ಟು ಇಸ್ತ್ಮಸ್‌ನಲ್ಲಿಯೇ ಇರುತ್ತವೆ.

ಮುಖಾಮುಖಿ ಡಿಕ್ಕಿ, ಪಕ್ಕದಿಂದ ಬಿದ್ದ ಬಲವಾದ ಪೆಟ್ಟು, ವಾಹನದಿಂದ ಹೊರಕ್ಕೆ ಎಸೆಯಲ್ಪಟ್ಟದ್ದು, ಅದೇ ವಾಹನದಲ್ಲಿದ್ದ ಬೇರೊಬ್ಬರು ಸತ್ತದ್ದು, ಮೂರು ಮೀಟರಿಗಿಂತ ಎತ್ತರದಿಂದ ಬಿದ್ದದ್ದು, ಟ್ರ್ಯಾಕ್ಟರ್ ಮಗುಚಿ ಎದೆಯ ಮೇಲೆ ಬಿದ್ದದ್ದು, ಶಹಾಬಾದ್ ಅಥವಾ ಚಿತ್ತಾಪುರದ ಫರ್ಸಿ ಗಣಿಯಲ್ಲಿ ಕಲ್ಲಿನಡಿ ಸಿಲುಕಿದ್ದು, ಕಟ್ಟೆಯಿಲ್ಲದ ಹೊಲದ ಬಾವಿಗೆ ಬಿದ್ದದ್ದು, ಇವುಗಳಲ್ಲಿ ಯಾವುದಿದ್ದರೂ ಮಹಾಪಧಮನಿಯ ಬಗ್ಗೆ ಯೋಚಿಸಬೇಕು. ಗಾಯಾಳು "ಬೆನ್ನಾಗ, ಎರಡೂ ಭುಜದ ನಡುವ ಭಾಳ ಬ್ಯಾನಿ ಅದರಿ" ಎಂದರೆ ಅದನ್ನು ಸ್ನಾಯು ನೋವೆಂದು ತಳ್ಳಿಹಾಕಬಾರದು. ಎರಡೂ ತೋಳುಗಳ ರಕ್ತದೊತ್ತಡದಲ್ಲಿ 20 ಮಿಮೀಗಿಂತ ಹೆಚ್ಚು ವ್ಯತ್ಯಾಸ, ತೋಳಿನಲ್ಲಿ ಒತ್ತಡ ಹೆಚ್ಚಾಗಿದ್ದು ತೊಡೆಸಂದಿಯ ನಾಡಿ ಕ್ಷೀಣವಾಗಿರುವುದು, ಎದೆಯ ಮೇಲೆ ಸೀಟ್‌ಬೆಲ್ಟ್ ಅಥವಾ ಸ್ಟೀರಿಂಗ್ ಚಕ್ರದ ಗುರುತು, ಇವು ಸಂಶಯವನ್ನು ಗಟ್ಟಿಗೊಳಿಸುತ್ತವೆ. ಆದರೆ ಇವು ಇಲ್ಲದಿದ್ದ ಮಾತ್ರಕ್ಕೆ ಸಂಶಯ ನೀಗುವುದಿಲ್ಲ.

ಎದೆಯ ಎಕ್ಸ್‌ರೇಯಲ್ಲಿ ಮೀಡಿಯಾಸ್ಟೈನಮ್ (ಎರಡು ಶ್ವಾಸಕೋಶಗಳ ನಡುವಿನ ಜಾಗ) 8 ಸೆಂಮೀಗಿಂತ ಅಗಲವಾಗಿರುವುದು, ಮಹಾಪಧಮನಿಯ ಕಮಾನಿನ ಅಂಚು ಮಸುಕಾಗಿರುವುದು, ಶ್ವಾಸನಾಳ ಅಥವಾ ಮೂಗಿನ ಟ್ಯೂಬ್ ಬಲಕ್ಕೆ ಸರಿದಿರುವುದು, ಎಡ ಶ್ವಾಸನಾಳದ ಕವಲು ಕೆಳಕ್ಕೆ ಒತ್ತಲ್ಪಟ್ಟಿರುವುದು, ಎಡ ಶ್ವಾಸಕೋಶದ ತುದಿಯ ಮೇಲೆ ಬಿಳಿ ಟೋಪಿಯಂಥ ನೆರಳು, ಎಡ ಎದೆಗೂಡಿನಲ್ಲಿ ರಕ್ತ, ಇವುಗಳನ್ನು ಹುಡುಕಬೇಕು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೀಡಿಯಾಸ್ಟೈನಮ್ ಸಹಜವಾಗಿಯೇ ಅಗಲವಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಇದಕ್ಕಿಂತ ಮುಖ್ಯವಾದ ಮಾತೆಂದರೆ, ಮಹಾಪಧಮನಿ ಹರಿದಿದ್ದರೂ ಎಕ್ಸ್‌ರೇ ಸಹಜವಾಗಿರಬಹುದು. ಪೆಟ್ಟಿನ ರಭಸ ದೊಡ್ಡದಾಗಿದ್ದರೆ ಎಕ್ಸ್‌ರೇ ಚೆನ್ನಾಗಿದೆ ಎಂಬ ಕಾರಣಕ್ಕೆ ಸಿಟಿಯನ್ನು ಕೈಬಿಡಬಾರದು.

ಹೆಜ್ಜೆ 2: ಯಾರನ್ನು ಸಿಟಿಗೆ ಒಯ್ಯಬಾರದು

ದ್ರವ, ರಕ್ತ ಕೊಟ್ಟರೂ ರಕ್ತದೊತ್ತಡ ನಿಲ್ಲದ ಗಾಯಾಳುವನ್ನು ಸಿಟಿ ಕೋಣೆಗೆ ಕಳಿಸಬಾರದು. ಅವನಿಗೆ ಮೊದಲು ಹಾಸಿಗೆಯ ಬಳಿಯೇ, ಎದೆ ಮತ್ತು ಹೊಟ್ಟೆಯಲ್ಲಿ ರಕ್ತ, ಗಾಳಿ ಇದೆಯೇ ಎಂದು ತ್ವರಿತವಾಗಿ ನೋಡುವ ಇ-ಫಾಸ್ಟ್ ಅಲ್ಟ್ರಾಸೌಂಡ್ ಆಗಬೇಕು. ಹೊಟ್ಟೆಯಲ್ಲಿ ರಕ್ತವಿದ್ದರೆ ಆಪರೇಷನ್ ಥಿಯೇಟರ್, ಎದೆಯಲ್ಲಿ ಗಾಳಿ ಅಥವಾ ರಕ್ತ ಒತ್ತುತ್ತಿದ್ದರೆ ಎದೆಯ ಟ್ಯೂಬ್, ಪೆಲ್ವಿಸ್ (ಸೊಂಟದ ಮೂಳೆಗಟ್ಟು) ಮುರಿದಿದ್ದರೆ ಅದನ್ನು ಬಿಗಿಯುವ ಬೈಂಡರ್ ಪಟ್ಟಿ. ಇಂಥ ಗಾಯಾಳುಗಳಲ್ಲಿ ರಕ್ತಸ್ರಾವದ ಮೂಲ ಹೆಚ್ಚಾಗಿ ಹೊಟ್ಟೆ ಅಥವಾ ಪೆಲ್ವಿಸ್ ಆಗಿರುತ್ತದೆ. ಮಹಾಪಧಮನಿಯ ಗಾಯ ಜೊತೆಗಿದ್ದರೂ ಮೊದಲ ಸರದಿ ಅವುಗಳದ್ದು. ಥಿಯೇಟರಿನಲ್ಲಿದ್ದಾಗಲೇ ಅನ್ನನಾಳದ ಮೂಲಕ ಮಾಡುವ ಎಕೋ ಲಭ್ಯವಿದ್ದರೆ ಅದರಿಂದ ಇಳಿಭಾಗವನ್ನು ನೋಡಬಹುದು.

ಹೆಜ್ಜೆ 3: ಮೇಜಿನ ಮೇಲೆ ಮಲಗಿಸುವ ಮೊದಲು

ಚಿತ್ರದ ಗುಣಮಟ್ಟ ಯಂತ್ರದಷ್ಟೇ ಕ್ಯಾನುಲಾದಿಂದಲೂ (ಕಾಂಟ್ರಾಸ್ಟ್ ಕೊಡಲು ಅಭಿಧಮನಿಗೆ ಹಾಕುವ ಸಣ್ಣ ಕೊಳವೆ) ನಿರ್ಧಾರವಾಗುತ್ತದೆ. ಬಲಗೈಯ ಮೊಣಕೈ ಮಡಿಕೆಯಲ್ಲಿ ಹಸಿರು ಬಣ್ಣದ 18 ಗೇಜ್ ಕ್ಯಾನುಲಾ ಹಾಕಿಸಬೇಕು. ಸಿಗದಿದ್ದರೆ ಗುಲಾಬಿ ಬಣ್ಣದ 20 ಗೇಜ್. ಬಲಗೈಯೇ ಏಕೆಂದರೆ, ಎಡಗೈಯಿಂದ ಕೊಟ್ಟ ಕಾಂಟ್ರಾಸ್ಟ್ ಎಡ ಬ್ರೇಕಿಯೋಸಿಫ್ಯಾಲಿಕ್ ಅಭಿಧಮನಿಯಲ್ಲಿ ದಟ್ಟವಾಗಿ ತುಂಬಿಕೊಂಡು ಕಮಾನಿನ ಮುಂದೆ ಅಡ್ಡಲಾಗಿ ಹಾಯುತ್ತದೆ, ಅದರಿಂದ ಏಳುವ ಬಿಳಿ ಗೀರುಗಳು ನಾವು ನೋಡಬೇಕಾದ ಜಾಗದ ಮೇಲೆಯೇ ಬೀಳುತ್ತವೆ. ಬಲಗೈ ಮುರಿದಿದ್ದು ಎಡಗೈಯೊಂದೇ ದಾರಿಯಾಗಿದ್ದರೆ ಸ್ಕ್ಯಾನನ್ನು ಕೆಳಗಿನಿಂದ ಮೇಲಕ್ಕೆ ಮಾಡಿಸಬೇಕು. ಕಮಾನಿನ ಮಟ್ಟಕ್ಕೆ ಬರುವಷ್ಟರಲ್ಲಿ ಸಲೈನ್ ಆ ಅಭಿಧಮನಿಯನ್ನು ತೊಳೆದಿರುತ್ತದೆ. ನೀಲಿ ಬಣ್ಣದ 22 ಗೇಜ್ ಮಾತ್ರ ಸಿಕ್ಕರೆ ವೇಗವನ್ನು ಸೆಕೆಂಡಿಗೆ ಸುಮಾರು 2.5 ಮಿಲೀಗೆ ಇಳಿಸಿ, ಗಾಯಾಳು ತೆಳ್ಳಗಿದ್ದರೆ ಟ್ಯೂಬ್ ವೋಲ್ಟೇಜನ್ನು 100 ಅಥವಾ 80 ಕಿಲೋವೋಲ್ಟಿಗೆ ತರಬೇಕು, ಕಡಿಮೆ ವೋಲ್ಟೇಜಿನಲ್ಲಿ ಅಯೋಡಿನ್ ಹೆಚ್ಚು ಬೆಳ್ಳಗೆ ಕಾಣುತ್ತದೆ. ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ಅಭಿಧಮನಿಗೆ ಹಾಕಿದ ಕೊಳವೆ) ಇದ್ದರೆ, ಅದು ಪ್ರೆಶರ್ ಇಂಜೆಕ್ಟರಿಗೆ ತಕ್ಕದ್ದೆಂದು ಅದರ ಮೇಲೆ ಬರೆದಿದ್ದರೆ ಮಾತ್ರ ಬಳಸಬೇಕು.

ಕ್ರಿಯಾಟಿನಿನ್ ವರದಿಗಾಗಿ ಕಾಯಬಾರದು. ಪ್ರಾಣಕ್ಕೆ ಅಪಾಯವಿರುವಾಗ ಕಿಡ್ನಿಯ ಚಿಂತೆ ಎರಡನೆಯದು. ರಕ್ತದ ಮಾದರಿಯನ್ನು ಕಳಿಸಿಟ್ಟು ಸ್ಕ್ಯಾನ್ ಮುಂದುವರಿಸಬೇಕು, ನಂತರ ಮೂತ್ರದ ಪ್ರಮಾಣ ಗಮನಿಸಬೇಕು. ಈ ಹಿಂದೆ ಕಾಂಟ್ರಾಸ್ಟಿನಿಂದ ತೀವ್ರ ಅಲರ್ಜಿ ಆಗಿತ್ತೇ ಎಂದು ಸಂಬಂಧಿಕರನ್ನು ಕೇಳಬೇಕು. ಗರ್ಭಿಣಿಯಾಗಿದ್ದಾಳೆಂಬ ಕಾರಣಕ್ಕೆ ಸಿಟಿಯನ್ನು ನಿರಾಕರಿಸುವುದು ತಾಯಿ ಮಗು ಇಬ್ಬರಿಗೂ ಮಾಡುವ ಅನ್ಯಾಯ. ಎದೆಯ ಸ್ಕ್ಯಾನಿನಿಂದ ಗರ್ಭಕ್ಕೆ ತಲುಪುವ ವಿಕಿರಣ ತೀರಾ ಅಲ್ಪ, ಹೊಟ್ಟೆಯನ್ನೂ ಸೇರಿಸಿದರೆ ಅದು ಹೆಚ್ಚುತ್ತದೆ, ಆದರೂ ತಾಯಿ ಸತ್ತರೆ ಮಗುವೂ ಉಳಿಯುವುದಿಲ್ಲ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ) ದಾಖಲೆ, ಪೊಲೀಸ್ ಮಾಹಿತಿ ಇವೆಲ್ಲ ಆಗಲೇಬೇಕು, ಆದರೆ ಸ್ಕ್ಯಾನ್ ಅವುಗಳಿಗಾಗಿ ನಿಲ್ಲಬೇಕಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನಗಳಲ್ಲಿ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಹಣ ಹೊಂದಿಸಲು ಊರಿಗೆ ಫೋನ್ ಮಾಡುತ್ತಿರುವ ಮನೆಯವರಿಗೆ ಇದನ್ನು ಆಗಲೇ ತಿಳಿಸಬೇಕು.

ಗಾಯಾಳುವಿನ ಜೊತೆ ಒಬ್ಬ ವೈದ್ಯ, ಮಾನಿಟರ್, ಆಕ್ಸಿಜನ್ ಸಿಲಿಂಡರ್ ಹೋಗಬೇಕು. ಕುತ್ತಿಗೆಯ ಕಾಲರ್ ತೆಗೆಯಬಾರದು, ದೇಹವನ್ನು ಒಟ್ಟಾಗಿ ಹೊರಳಿಸಿ ಮೇಜಿಗೆ ಸರಿಸಬೇಕು. ಭುಜ ಸರಿಯಿದ್ದರೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಬೇಕು. ಇಸಿಜಿ ವೈರುಗಳನ್ನು, ಕೊರಳಿನ ತಾಳಿ, ತಾಯಿತಗಳನ್ನು ಎದೆಯ ಮೇಲಿನಿಂದ ಪಕ್ಕಕ್ಕೆ ಸರಿಸಬೇಕು.

ಹೆಜ್ಜೆ 4: ಸ್ಕ್ಯಾನ್

ವಯಸ್ಕ ಗಾಯಾಳುವಿಗೆ ಮಿಲೀಗೆ 350 ಮಿಗ್ರಾಂ ಅಯೋಡಿನ್ ಇರುವ ಕಾಂಟ್ರಾಸ್ಟ್ 80ರಿಂದ 100 ಮಿಲೀ, ಸೆಕೆಂಡಿಗೆ 4 ಮಿಲೀ ವೇಗದಲ್ಲಿ, ಅದರ ಬೆನ್ನಿಗೇ 40 ಮಿಲೀ ಸಲೈನ್. ಸಮಯವನ್ನು ಅಂದಾಜಿನ ಮೇಲೆ ಬಿಡಬಾರದು. ರಕ್ತ ಕಳೆದುಕೊಂಡವನಲ್ಲಿ ಕಾಂಟ್ರಾಸ್ಟ್ ಮಹಾಪಧಮನಿ ತಲುಪಲು ಹೆಚ್ಚು ಹೊತ್ತು ಬೇಕು. ನಿಗದಿತ 25 ಸೆಕೆಂಡಿಗೆ ಸ್ಕ್ಯಾನ್ ಆರಂಭಿಸಿದರೆ ಖಾಲಿ ಮಹಾಪಧಮನಿಯ ಚಿತ್ರ ಸಿಗುತ್ತದೆ. ಆದ್ದರಿಂದ ಕಾಂಟ್ರಾಸ್ಟ್ ಬಂದು ತಲುಪುವುದನ್ನು ಯಂತ್ರವೇ ಕಾದು ನೋಡುವ ಬೋಲಸ್ ಟ್ರ್ಯಾಕಿಂಗ್ ಬಳಸಬೇಕು. ಶ್ವಾಸನಾಳ ಕವಲೊಡೆಯುವ ಮಟ್ಟದ ಕೆಳಗೆ, ಇಳಿಯುವ ಮಹಾಪಧಮನಿಯ ನಡುಮಧ್ಯೆ ಗುರುತಿನ ವೃತ್ತ ಇಟ್ಟು, ಸಾಂದ್ರತೆ 120 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದ ಐದಾರು ಸೆಕೆಂಡುಗಳಲ್ಲಿ ಸ್ಕ್ಯಾನ್ ಆರಂಭವಾಗುವಂತೆ ಹೊಂದಿಸಬೇಕು.

ಕಾಲರ್‌ಬೋನಿನ ಮೇಲಿನಿಂದ ತೊಡೆಮೂಳೆಯ ತಲೆಯವರೆಗೆ ಒಂದೇ ಸರಣಿಯಲ್ಲಿ ತೆಗೆಯಬೇಕು. ಎದೆಯನ್ನಷ್ಟೇ ತೆಗೆದರೆ ಮುಂದೆ ಸ್ಟೆಂಟ್ ಹಾಕುವವರಿಗೆ ತೊಡೆಸಂದಿಯ ರಕ್ತನಾಳ ಎಷ್ಟು ಅಗಲವಿದೆ ಎಂಬುದೇ ಗೊತ್ತಾಗುವುದಿಲ್ಲ, ಅಲ್ಲಿ ಮರುಸ್ಕ್ಯಾನ್ ಖಚಿತ. ಸ್ಲೈಸ್ ದಪ್ಪ 1ರಿಂದ 1.25 ಮಿಮೀ ಇರಬೇಕು, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಮರುರಚಿಸಬೇಕು. 5 ಮಿಮೀ ಚಿತ್ರಗಳಲ್ಲಿ ಹರಿದ ಚಿಕ್ಕ ಜಾಗ ಕಾಣದೆಹೋಗುತ್ತದೆ. ಇಂಜೆಕ್ಷನ್ ಶುರುವಾಗಿ ಸುಮಾರು 70 ಸೆಕೆಂಡಿಗೆ ಹೊಟ್ಟೆಯ ಎರಡನೇ ಹಂತವನ್ನು ತೆಗೆದರೆ ಯಕೃತ್ತು, ಗುಲ್ಮಗಳ ಗಾಯವೂ ತಿಳಿಯುತ್ತದೆ. ಎದೆಯಲ್ಲಿ ಕಾಂಟ್ರಾಸ್ಟ್ ಸೋರಿದಂತೆ ಕಂಡಿದ್ದರೆ ಎರಡನೇ ಹಂತದಲ್ಲಿ ಎದೆಯನ್ನೂ ಸೇರಿಸಿಕೊಳ್ಳಬೇಕು: ಸೋರುವ ರಕ್ತ ಎರಡನೇ ಚಿತ್ರದಲ್ಲಿ ಹರಡಿ ಆಕಾರ ಬದಲಿಸಿರುತ್ತದೆ, ಸ್ಯೂಡೋಅನ್ಯೂರಿಸಂ (ಹರಿದ ಗೋಡೆಯ ಹೊರಪದರವಷ್ಟೇ ತಡೆದಿರುವ ಉಬ್ಬು) ಅದೇ ಆಕಾರದಲ್ಲಿ ಮಹಾಪಧಮನಿಯಷ್ಟೇ ಸಾಂದ್ರತೆಯಲ್ಲಿರುತ್ತದೆ.

ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಬೇಕೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ತುರ್ತು ಗಾಯಾಳುವಿಗೆ ಮೊದಲ ಸ್ಕ್ಯಾನಿನಲ್ಲಿ ಅದಕ್ಕಾಗಿ ಹೊತ್ತು ಕಳೆಯಬಾರದು. ಹೃದಯದ ಬಡಿತದಿಂದ ಚಿತ್ರ ಕದಲುವುದು ಮುಖ್ಯವಾಗಿ ಮಹಾಪಧಮನಿಯ ಬುಡ ಮತ್ತು ಏರುಭಾಗದಲ್ಲಿ. ಹೆಚ್ಚಿನ ಗಾಯಗಳಿರುವ ಇಸ್ತ್ಮಸ್‌ನಲ್ಲಿ ಗೇಟಿಂಗ್ ಇಲ್ಲದ ಚಿತ್ರವೇ ಸಾಕಾಗುತ್ತದೆ. ಏರುಭಾಗದಲ್ಲಿ ಸಂಶಯ ಉಳಿದರೆ, ಗಾಯಾಳು ಸ್ಥಿರವಾಗಿದ್ದರೆ, ಆಗ ಗೇಟಿಂಗ್ ಜೊತೆ ಎದೆಯನ್ನಷ್ಟೇ ಮತ್ತೊಮ್ಮೆ ತೆಗೆಯಬಹುದು.

16 ಸ್ಲೈಸಿನ ಯಂತ್ರದಲ್ಲಿ ಇಷ್ಟು ಉದ್ದದ ಸ್ಕ್ಯಾನಿಗೆ ಗಾಯಾಳು ಹೆಚ್ಚು ಹೊತ್ತು ಉಸಿರು ಹಿಡಿಯಬೇಕಾಗುತ್ತದೆ. ಯಂತ್ರದೊಳಗಿನಿಂದ ಬರುವ ಧ್ವನಿಮುದ್ರಿತ ಸೂಚನೆ ಹೆಚ್ಚಿನ ಕಡೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ನೋವಿನಲ್ಲಿ ಮಲಗಿರುವ ಅಫಜಲಪುರದ ರೈತನಿಗೆ ಅದು ತಿಳಿಯದೆ ಅವನು ಅತ್ತಿತ್ತ ನೋಡುತ್ತಾನೆ, ಚಿತ್ರ ಕೆಡುತ್ತದೆ. ಆ ಧ್ವನಿಯನ್ನು ಬಂದ್ ಮಾಡಿ, ತಂತ್ರಜ್ಞರೇ ಮೈಕಿನಲ್ಲಿ "ಕಾಕಾ, ಉಸುರು ಒಳಗ ಎಳಕೋರಿ, ಹಂಗೇ ಹಿಡೀರಿ, ಅಲುಗಾಡಬ್ಯಾಡ್ರಿ" ಎಂದು ಹೇಳಬೇಕು. ನಮ್ಮಲ್ಲಿ ದಖ್ಖನಿ, ಲಂಬಾಣಿ, ತೆಲುಗು, ಮರಾಠಿ ಆಡುವವರೂ ಬರುತ್ತಾರೆ. ಆ ಭಾಷೆಗಳಲ್ಲಿ ಈ ಒಂದು ವಾಕ್ಯವನ್ನು ಬರೆದು ಕನ್ಸೋಲಿನ ಪಕ್ಕದ ಗೋಡೆಗೆ ಅಂಟಿಸಿಟ್ಟರೆ ರಾತ್ರಿ ಪಾಳಿಯವರಿಗೆ ಅನುಕೂಲ. ಸ್ಕ್ಯಾನಿಗೆ ಮುನ್ನ ಒಮ್ಮೆ ಅಭ್ಯಾಸ ಮಾಡಿಸಬೇಕು, ಕಾಂಟ್ರಾಸ್ಟ್ ಹೋಗುವಾಗ ಮೈ ಬಿಸಿಯಾಗುತ್ತದೆ ಎಂದು ಮೊದಲೇ ತಿಳಿಸಬೇಕು, ಇಲ್ಲವಾದರೆ ಅವರು ಗಾಬರಿಯಾಗಿ ಏಳಲು ಹೋಗುತ್ತಾರೆ.

ಹೆಜ್ಜೆ 5: ಚಿತ್ರವನ್ನು ಓದುವ ಕ್ರಮ

ಗಾಯಾಳು ಇನ್ನೂ ಮೇಜಿನ ಮೇಲಿರುವಾಗಲೇ ಮೊದಲ ನೋಟ ಆಗಬೇಕು. ಎದೆಯಲ್ಲಿ ಒತ್ತುತ್ತಿರುವ ಗಾಳಿ, ಹೃದಯದ ಸುತ್ತ ರಕ್ತ, ಎಡ ಎದೆಗೂಡು ತುಂಬಿರುವ ರಕ್ತ, ನಾಳದ ಹೊರಗೆ ಚಿಮ್ಮಿದ ಕಾಂಟ್ರಾಸ್ಟ್ ಇವುಗಳಲ್ಲಿ ಯಾವುದಿದ್ದರೂ ಜೊತೆಗಿರುವ ವೈದ್ಯರಿಗೆ ಅಲ್ಲೇ ಹೇಳಬೇಕು. ಉಳಿದ ಓದು ಆಮೇಲೆ.

ಎರಡನೇ ಸುತ್ತಿನಲ್ಲಿ ಮಹಾಪಧಮನಿಯ ಸುತ್ತಲಿನ ಕೊಬ್ಬನ್ನು ನೋಡಬೇಕು. ಸಹಜ ಕೊಬ್ಬು ಕಪ್ಪಾಗಿರುತ್ತದೆ, ರಕ್ತ ಸೇರಿದರೆ ಬೂದಾಗುತ್ತದೆ. ಈ ಬೂದುಬಣ್ಣ ಮಹಾಪಧಮನಿಯ ಗೋಡೆಗೆ ತಾಗಿಕೊಂಡಿದೆಯೇ, ಅಥವಾ ಗೋಡೆ ಮತ್ತು ರಕ್ತದ ನಡುವೆ ಕಪ್ಪು ಕೊಬ್ಬಿನ ತೆಳುಪದರ ಉಳಿದಿದೆಯೇ ಎಂಬುದು ನಿರ್ಣಾಯಕ. ಎದೆಮೂಳೆ ಮುರಿದಾಗ ರಕ್ತ ಮುಂಭಾಗದಲ್ಲಿ, ಬೆನ್ನುಮೂಳೆ ಮುರಿದಾಗ ಹಿಂಭಾಗದಲ್ಲಿ ಸೇರುತ್ತದೆ. ಕೊಬ್ಬಿನ ಪದರ ಉಳಿದಿದ್ದರೆ ಅದರ ಮೂಲ ಹೆಚ್ಚಾಗಿ ಚಿಕ್ಕ ಅಭಿಧಮನಿಗಳು. ಗೋಡೆಗೆ ತಾಗಿದ ರಕ್ತವಿದ್ದರೆ ಆ ಮಟ್ಟದಲ್ಲಿ ತೆಳು ಸ್ಲೈಸುಗಳನ್ನು ಒಂದೊಂದಾಗಿ ನೋಡಲೇಬೇಕು. ಡಯಾಫ್ರಮಿನ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಬಳಿ, ಅದರ ಕಾಲುಗಳಾದ ಕ್ರೂರಾಗಳ ಹಿಂದೆ ರಕ್ತ ಸೇರಿರುವುದು ಹೊಟ್ಟೆಯ ಸ್ಕ್ಯಾನಿನಲ್ಲಷ್ಟೇ ಕಂಡರೂ ಎದೆಯಲ್ಲಿ ಮಹಾಪಧಮನಿಯ ಗಾಯವಿರಬಹುದೆಂಬ ಸೂಚನೆ.

ಮೂರನೆಯದಾಗಿ ಮಹಾಪಧಮನಿಯನ್ನೇ ಕವಾಟದಿಂದ ಕೆಳಗಿನ ಕವಲಿನವರೆಗೆ ಓದಬೇಕು. ಇಲ್ಲಿ ವಿಂಡೋ (ಪರದೆಯ ಕಪ್ಪು-ಬಿಳುಪಿನ ಹೊಂದಾಣಿಕೆ) ಬದಲಿಸುವುದು ಮರೆಯಬಾರದು. ಮಾಮೂಲಿ ಮೃದು ಅಂಗಾಂಶದ ವಿಂಡೋದಲ್ಲಿ ಮಹಾಪಧಮನಿ ಬರೀ ಬಿಳಿಯಾಗಿ ಹೊಳೆಯುತ್ತದೆ, ಅದರೊಳಗಿನ ತೆಳುಪದರ ಆ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ಅಗಲ 600ರಿಂದ 700, ಮಟ್ಟ 150ರಿಂದ 200ಕ್ಕೆ ಹೊಂದಿಸಿದರೆ ಬಿಳಿಯೊಳಗಿನ ಕಪ್ಪು ಗೆರೆ ತಾನಾಗಿ ಕಾಣುತ್ತದೆ.

ನಂತರ ಚಿತ್ರವನ್ನು ಓರೆಯಾಗಿ ತಿರುಗಿಸಿ ಏರುಭಾಗ, ಕಮಾನು, ಇಳಿಭಾಗ ಮೂರೂ ಒಂದೇ ಸಮತಲದಲ್ಲಿ ಊರುಗೋಲಿನ ಹಿಡಿಕೆಯಂತೆ ಕಾಣುವಂತೆ ಮಾಡಿಕೊಳ್ಳಬೇಕು. ಅಡ್ಡ ಸ್ಲೈಸುಗಳು ಎಷ್ಟೇ ಸಹಜವಾಗಿ ಕಂಡರೂ ಈ ನೋಟವಿಲ್ಲದೆ ವರದಿ ಬರೆಯಬಾರದು. ಎಡ ಸಬ್‌ಕ್ಲೇವಿಯನ್‌ನ ಬುಡವನ್ನು ಹಿಡಿದು ಕಮಾನಿನ ಒಳಬಾಗಿನ ಅಂಚಿನ ಮೇಲೆ ಕಣ್ಣಿಟ್ಟು ನಿಧಾನ ಕೆಳಗಿಳಿಯಬೇಕು. ಸಹಜ ಅಂಚು ನಯವಾಗಿ ತಿರುಗುತ್ತದೆ. ಗಾಯವಿದ್ದಲ್ಲಿ, ಸಬ್‌ಕ್ಲೇವಿಯನ್‌ನಿಂದ ಒಂದೆರಡು ಸೆಂಮೀ ಕೆಳಗೆ, ಮುಂಭಾಗದ ಒಳಮಗ್ಗುಲಿನ ಗೋಡೆ ಇದ್ದಕ್ಕಿದ್ದಂತೆ ಹೊರಕ್ಕೆ ಉಬ್ಬಿರುತ್ತದೆ; ಉಬ್ಬಿನ ಎರಡೂ ತುದಿಗಳು ಗೋಡೆಯೊಡನೆ ಚೂಪು ಕೋನ ಮಾಡಿರುತ್ತವೆ, ಬಾಯಲ್ಲಿ ಹರಿದ ಒಳಪದರದ ತೆಳುಗೆರೆ ತೂಗಾಡುತ್ತಿರುತ್ತದೆ, ಸುತ್ತ ಬೂದುಬಣ್ಣದ ರಕ್ತ ಕವಿದಿರುತ್ತದೆ. ಇದು ಸ್ಯೂಡೋಅನ್ಯೂರಿಸಂನ ಮಾದರಿ ಚಿತ್ರ. ಕೆಲವೊಮ್ಮೆ ಉಬ್ಬು ಚಿಕ್ಕದಾಗಿದ್ದು, ಹರಿದ ಪದರ ಒಳಕ್ಕೆ ಮಡಚಿಕೊಂಡು ಕೆಳಗಿನ ನಾಳ ಒಮ್ಮೆಲೇ ಕಿರಿದಾಗಿರುತ್ತದೆ; ತೊಡೆಸಂದಿಯ ನಾಡಿ ಕ್ಷೀಣವಾಗಿದ್ದುದರ ಕಾರಣ ಆಗ ತಿಳಿಯುತ್ತದೆ. ಹರಿದ ಜಾಗಕ್ಕೆ ಅಂಟಿಕೊಂಡ, ಹೆಪ್ಪುಗಟ್ಟಿದ ರಕ್ತದ ಚಿಕ್ಕ ಗಂಟು ಕೂಡ ನೇರ ಚಿಹ್ನೆಯೇ.

ಇಸ್ತ್ಮಸ್‌ನಲ್ಲಿ ಗಾಯ ಸಿಕ್ಕಿತೆಂದು ಓದು ನಿಲ್ಲಿಸಬಾರದು. ಏರುಭಾಗ, ಕಮಾನಿನ ಮೂರು ಕವಲುಗಳು, ಡಯಾಫ್ರಮಿನ ಮಟ್ಟ, ಹೊಟ್ಟೆಯ ಮಹಾಪಧಮನಿ ಇವನ್ನೂ ನೋಡಬೇಕು. ಸೀಟ್‌ಬೆಲ್ಟಿನ ಗಾಯದಲ್ಲಿ ಹೊಟ್ಟೆಯ ಭಾಗವೂ ಹರಿಯಬಹುದು.

ಹೆಜ್ಜೆ 6: ಗಾಯದಂತೆ ಕಾಣುವ ಗಾಯವಲ್ಲದವು

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಡಕ್ಟಸ್ ಡೈವರ್ಟಿಕ್ಯುಲಮ್. ಭ್ರೂಣಾವಸ್ಥೆಯಲ್ಲಿ ಡಕ್ಟಸ್ ಎಂಬ ನಾಳ ಇದ್ದ ಜಾಗದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಉಬ್ಬು ಇರುತ್ತದೆ, ಅದೂ ಇಸ್ತ್ಮಸ್‌ನ ಅದೇ ಮುಂಭಾಗದ ಒಳಮಗ್ಗುಲಲ್ಲಿ. ಅದರ ಅಂಚು ನಯವಾಗಿರುತ್ತದೆ, ಎರಡೂ ಕಡೆ ಗೋಡೆಯೊಡನೆ ಅಗಲ ಕೋನದಲ್ಲಿ ಇಳಿಜಾರಾಗಿ ಸೇರುತ್ತದೆ, ಒಳಗೆ ಪದರದ ಗೆರೆ ಇರುವುದಿಲ್ಲ, ಸುತ್ತಲಿನ ಕೊಬ್ಬು ಕಪ್ಪಾಗಿಯೇ ಇರುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಗಾಯವೆಂದೇ ಭಾವಿಸಿ ಮುಂದುವರಿಯಬೇಕು. ಪಕ್ಕೆಲುಬುಗಳ ನಡುವಿನ ಅಪಧಮನಿಗಳು ಅಥವಾ ಶ್ವಾಸನಾಳದ ಅಪಧಮನಿಗಳು ಹೊರಡುವಲ್ಲಿ ಶಂಕುವಿನಾಕಾರದ ಚಿಕ್ಕ ಉಬ್ಬು ಇರಬಹುದು. ಅದರ ತುದಿಯಿಂದ ನಾಳವೊಂದು ಹೊರಡುವುದು ತೆಳು ಸ್ಲೈಸಿನಲ್ಲಿ ಕಂಡರೆ ಸಂಶಯ ಮುಗಿಯಿತು.

ಏರುಭಾಗದ ಗೋಡೆ ಎರಡಾಗಿ ಕಂಡರೆ ಹೃದಯ ಬಡಿತದ ಕದಲಿಕೆಯನ್ನು ಮೊದಲು ನೆನೆಯಬೇಕು. ಅದೇ ಮಟ್ಟದಲ್ಲಿ ಶ್ವಾಸಕೋಶದ ಅಪಧಮನಿಯ ಅಂಚೂ, ಹೃದಯದ ಎಡ ಅಂಚೂ ಎರಡಾಗಿದ್ದರೆ ಅದು ಕದಲಿಕೆಯೇ. ಮೀಡಿಯಾಸ್ಟೈನಮ್ಮಿನಲ್ಲಿ ರಕ್ತವೇ ಇಲ್ಲದಿರುವುದು ಆ ನಿರ್ಣಯವನ್ನು ಬಲಪಡಿಸುತ್ತದೆ. ಯುವಕರಲ್ಲಿ ಥೈಮಸ್ ಗ್ರಂಥಿ, ಹೃದಯಾವರಣದ ಮೇಲ್ಭಾಗದ ಮಡಿಕೆಯಲ್ಲಿನ ದ್ರವ, ಮಹಾಪಧಮನಿಗೆ ತಾಗಿ ಕುಸಿದ ಶ್ವಾಸಕೋಶ ಇವು ರಕ್ತಸಂಚಯದಂತೆ ಕಾಣುತ್ತವೆ. ವಯಸ್ಸಾದವರಲ್ಲಿ ಗೋಡೆಯ ಸುಣ್ಣಗಟ್ಟಿದ ಹುಣ್ಣು ಕಾಣಬಹುದು. ಒಂದೇ ಜಾಗದಲ್ಲಿರದೆ ಮಹಾಪಧಮನಿಯ ಉದ್ದಕ್ಕೂ ಅಂಥ ಬದಲಾವಣೆಗಳಿದ್ದರೆ ಅದು ಹಳೆಯ ರೋಗ.

ಗೋಡೆಗೆ ತಾಗಿ ರಕ್ತವಿದ್ದು ಮಹಾಪಧಮನಿ ಮಾತ್ರ ಸಹಜವಾಗಿ ಕಂಡರೆ "ಗಾಯವಿಲ್ಲ" ಎಂದು ಬರೆದು ಕೈತೊಳೆದುಕೊಳ್ಳಬಾರದು. ಹಿರಿಯರಿಂದ ಮರುಓದು ಮಾಡಿಸಿ, ಗಾಯಾಳುವನ್ನು ಐಸಿಯುನಲ್ಲಿಟ್ಟು, 24ರಿಂದ 48 ಗಂಟೆಗಳೊಳಗೆ ಸಿಟಿ ಆಂಜಿಯೋ ಪುನಃ ಮಾಡಿಸಬೇಕು.

ಹೆಜ್ಜೆ 7: ದರ್ಜೆ

ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕ್ಯುಲರ್ ಸರ್ಜರಿಯ ನಾಲ್ಕು ದರ್ಜೆಗಳೇ ಈಗ ಎಲ್ಲೆಡೆ ಬಳಕೆಯಲ್ಲಿವೆ. ಒಳಪದರ ಮಾತ್ರ ಹರಿದು ಹೊರ ಅಂಚು ಸಹಜವಾಗಿದ್ದರೆ 1ನೇ ದರ್ಜೆ. ಗೋಡೆಯೊಳಗೆ ರಕ್ತ ಸೇರಿದ್ದರೆ 2. ಹೊರ ಅಂಚು ಉಬ್ಬಿ ಸ್ಯೂಡೋಅನ್ಯೂರಿಸಂ ಆಗಿದ್ದರೆ 3. ಒಡೆದು ಸೋರುತ್ತಿದ್ದರೆ 4. ಹೊರ ಅಂಚು ಸಹಜವೋ ಅಲ್ಲವೋ ಎಂಬುದೇ ಚಿಕಿತ್ಸೆಯ ದಾರಿಯನ್ನು ಬೇರ್ಪಡಿಸುವ ರೇಖೆ. 1ನೇ ದರ್ಜೆಗೆ ಔಷಧ ಮತ್ತು ಮರುಸ್ಕ್ಯಾನ್ ಸಾಕು, 2ನೆಯದರಲ್ಲಿ ಶಸ್ತ್ರವೈದ್ಯರು ಗಾಯಾಳುವನ್ನು ನೋಡಿ ನಿರ್ಧರಿಸುತ್ತಾರೆ, 3ಕ್ಕೆ ದುರಸ್ತಿ ಬೇಕು, 4ಕ್ಕೆ ತಕ್ಷಣವೇ ಬೇಕು. 3ನೇ ದರ್ಜೆಯಲ್ಲೂ ಹಿಂಭಾಗದ ರಕ್ತಸಂಚಯ 10 ಮಿಮೀಗಿಂತ ದಪ್ಪವಿದ್ದರೆ, ಅದು ಶ್ವಾಸನಾಳವನ್ನು ತಳ್ಳುತ್ತಿದ್ದರೆ, ಎಡ ಎದೆಗೂಡಿನಲ್ಲಿ ಹೆಚ್ಚು ರಕ್ತವಿದ್ದರೆ ಅಥವಾ ಕೆಳಗಿನ ನಾಳ ಕಿರಿದಾಗಿದ್ದರೆ ಬೇಗ ಒಡೆಯುವ ಅಪಾಯವಿದೆಯೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಹೆಜ್ಜೆ 8: ವರದಿ ಮತ್ತು ಫೋನ್

ಮೊದಲು ಫೋನ್, ಆಮೇಲೆ ಬರಹ. "ಮಹಾಪಧಮನಿಯಲ್ಲಿ ಏನೋ ಇದ್ದಂತಿದೆ" ಎಂಬ ಮಾತಿನಿಂದ ಕೇಳಿದವರಿಗೆ ಏನೂ ತಿಳಿಯದು. "ಇಸ್ತ್ಮಸ್‌ನಲ್ಲಿ 3ನೇ ದರ್ಜೆಯ ಗಾಯ, ಸಬ್‌ಕ್ಲೇವಿಯನ್‌ನಿಂದ 14 ಮಿಮೀ ಕೆಳಗೆ, ಸೋರಿಕೆ ಇಲ್ಲ, ಎಡ ಎದೆಯಲ್ಲಿ ಅಲ್ಪ ರಕ್ತ" ಎಂದರೆ ಕೇಳಿದ ಶಸ್ತ್ರವೈದ್ಯರು ಆ ಕ್ಷಣವೇ ತಯಾರಿ ಆರಂಭಿಸಬಲ್ಲರು.

ಬರಹದ ವರದಿಯಲ್ಲಿ ಗಾಯದ ಉದ್ದ, ಅದು ಎಡ ಸಬ್‌ಕ್ಲೇವಿಯನ್ ಮತ್ತು ಎಡ ಕ್ಯಾರೋಟಿಡ್‌ನಿಂದ ಇರುವ ದೂರ, ಗಾಯದ ಮೇಲೆ ಮತ್ತು ಕೆಳಗೆ ಸಹಜ ಮಹಾಪಧಮನಿಯ ವ್ಯಾಸ ಇರಬೇಕು. ವ್ಯಾಸವನ್ನು ನಾಳದ ನಡುರೇಖೆಗೆ ಲಂಬವಾಗಿ ಅಳೆಯಬೇಕು, ಅಡ್ಡ ಸ್ಲೈಸಿನಲ್ಲಿ ಓರೆಯಾಗಿ ಅಳೆದರೆ ಸ್ಟೆಂಟ್ ದೊಡ್ಡದಾಗಿಬಿಡುತ್ತದೆ. ಸ್ಟೆಂಟ್ ಕೂರಲು ಗಾಯದ ಮೇಲೆ ಸುಮಾರು 2 ಸೆಂಮೀ ಸಹಜ ಗೋಡೆ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಎಡ ಸಬ್‌ಕ್ಲೇವಿಯನ್‌ನ ಬಾಯಿಯನ್ನು ಮುಚ್ಚಬೇಕಾಗಬಹುದು. ಆದ್ದರಿಂದ ಮೆದುಳಿಗೆ ರಕ್ತ ಒಯ್ಯುವ ಎಡ ವರ್ಟಿಬ್ರಲ್ ಅಪಧಮನಿ ನೇರವಾಗಿ ಕಮಾನಿನಿಂದ ಹೊರಟಿದೆಯೇ, ಎರಡು ವರ್ಟಿಬ್ರಲ್‌ಗಳಲ್ಲಿ ದೊಡ್ಡದು ಯಾವುದು, ಬಲ ಸಬ್‌ಕ್ಲೇವಿಯನ್ ಅಸಹಜ ಜಾಗದಿಂದ ಹುಟ್ಟಿದೆಯೇ ಎಂಬುದನ್ನು ತಪ್ಪದೆ ನಮೂದಿಸಬೇಕು. ತೊಡೆಸಂದಿಯ ಮತ್ತು ಇಲಿಯಾಕ್ ಅಪಧಮನಿಗಳ ಕನಿಷ್ಠ ವ್ಯಾಸವನ್ನೂ ಬರೆಯಬೇಕು. ರಕ್ತ ಕಳೆದುಕೊಂಡ ಯುವಕರಲ್ಲಿ ಮಹಾಪಧಮನಿ ಕುಗ್ಗಿರುತ್ತದೆ. ಸ್ಕ್ಯಾನಿನ ಹೊತ್ತಿನ ರಕ್ತದೊತ್ತಡವನ್ನು ವರದಿಯಲ್ಲೇ ಬರೆದಿಟ್ಟರೆ ಅಳತೆಯನ್ನು ಎಷ್ಟು ನಂಬಬಹುದೆಂದು ಮುಂದಿನವರಿಗೆ ತಿಳಿಯುತ್ತದೆ.

ಹೆಜ್ಜೆ 9: ಕಳಿಸುವ ಮುನ್ನ ಮತ್ತು ದಾರಿಯಲ್ಲಿ

ಯಾದಗಿರಿಯಿಂದ ಕಲಬುರಗಿ ಸುಮಾರು 80 ಕಿಮೀ, ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಮೀ, ಕಲಬುರಗಿಯಿಂದ ಹೈದರಾಬಾದ್ 200 ಕಿಮೀಗೂ ಹೆಚ್ಚು. ಕಲಬುರಗಿಯಲ್ಲಿ ಜಿಮ್ಸ್ ಮತ್ತು ಜಯದೇವ ಹೃದ್ರೋಗ ಸಂಸ್ಥೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ. ಎಲ್ಲಿಗೆ ಕಳಿಸುವುದಾದರೂ ಎದೆಯ ಮಹಾಪಧಮನಿಗೆ ಸ್ಟೆಂಟ್ ಹಾಕುವ ತಂಡ ಮತ್ತು ತಕ್ಕ ಅಳತೆಯ ಸ್ಟೆಂಟ್ ಇವತ್ತೇ ಅಲ್ಲಿ ಸಿಗುತ್ತದೆಯೇ ಎಂದು ಫೋನಿನಲ್ಲಿ ಕೇಳಿಯೇ ಆಂಬ್ಯುಲೆನ್ಸ್ ಹೊರಡಿಸಬೇಕು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆಯುವ ಸಮಯ ಈ ಗಾಯಾಳುವಿಗಿಲ್ಲ.

ಸೋರಿಕೆಯಿಲ್ಲದ ಗಾಯದಲ್ಲಿ ರಕ್ತದೊತ್ತಡವನ್ನು ಹಿಡಿತದಲ್ಲಿಟ್ಟರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಲು ಅವಕಾಶ ಸಿಗುತ್ತದೆ. ಬೇರೆ ರಕ್ತಸ್ರಾವ ನಿಂತಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ಸಿಸ್ಟಾಲಿಕ್ ಒತ್ತಡ 100ರಿಂದ 120ರ ನಡುವೆ, ನಾಡಿ 100ಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳಬೇಕು. ನಾಡಿ, ಒತ್ತಡಗಳನ್ನು ಇಳಿಸುವ ಎಸ್ಮೊಲಾಲ್ ಇದ್ದರೆ ಕೆಜಿಗೆ 500 ಮೈಕ್ರೊಗ್ರಾಂ ಒಂದು ನಿಮಿಷದಲ್ಲಿ ಕೊಟ್ಟು, ನಂತರ ನಿಮಿಷಕ್ಕೆ ಕೆಜಿಗೆ 50 ಮೈಕ್ರೊಗ್ರಾಂನಿಂದ ಆರಂಭಿಸಿ ಹಂತಹಂತವಾಗಿ ಏರಿಸಬೇಕು. ಇಲ್ಲದಿದ್ದರೆ ಲ್ಯಾಬೆಟಲಾಲ್ 20 ಮಿಗ್ರಾಂ ನಿಧಾನವಾಗಿ. ನಾಡಿ ಇಳಿಸದೆ ನಾಳ ಹಿಗ್ಗಿಸುವ ಔಷಧವನ್ನು ಮಾತ್ರ ಕೊಟ್ಟರೆ ನಾಡಿ ಇನ್ನೂ ಏರಿ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಆ ಕ್ರಮ ಸಲ್ಲದು. ನೋವಿಗೆ ಧಾರಾಳವಾಗಿ ಔಷಧ ಕೊಡಬೇಕು, ನೋವೇ ಒತ್ತಡವನ್ನು ಏರಿಸುತ್ತದೆ. ತಲೆಗೂ ಪೆಟ್ಟಾಗಿದ್ದರೆ ಒತ್ತಡವನ್ನು ಇಷ್ಟು ಇಳಿಸುವುದು ಮೆದುಳಿಗೆ ಅಪಾಯ. ಯುವಕರಲ್ಲಿ ಅದು 110ಕ್ಕಿಂತ ಕೆಳಗಿಳಿಯದಂತೆ, ನರಶಸ್ತ್ರವೈದ್ಯರೊಡನೆ ಮಾತನಾಡಿಯೇ ಗುರಿ ನಿಗದಿಪಡಿಸಬೇಕು.

ಗಾಯಾಳುವಿನ ಜೊತೆ ಫಿಲ್ಮ್ ಮಾತ್ರ ಕಳಿಸಿದರೆ ಸಾಲದು. ತೆಳು ಸ್ಲೈಸುಗಳ ಪೂರ್ತಿ ಡೈಕಾಮ್ (ಸಿಟಿಯ ಮೂಲ ಡಿಜಿಟಲ್ ಕಡತ) ಸರಣಿಯನ್ನು ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ ಕೊಡಬೇಕು. ವಾಟ್ಸಾಪಿನಲ್ಲಿ ಕಳಿಸಿದ ಪರದೆಯ ಫೋಟೋ ಮುನ್ಸೂಚನೆಗೆ ಸಾಕು, ಅಳತೆಗೆ ಸಾಲದು. ಅದರಲ್ಲಿ ಗಾಯಾಳುವಿನ ಹೆಸರು ಕಾಣದಂತೆ ಮುಚ್ಚಬೇಕು.

ಹೆಜ್ಜೆ 10: ಮರುಸ್ಕ್ಯಾನ್

1ನೇ ದರ್ಜೆಯ ಗಾಯವನ್ನು ಸ್ಥಳೀಯವಾಗಿಯೇ ನೋಡಿಕೊಳ್ಳುವುದಾದರೆ 48ರಿಂದ 72 ಗಂಟೆಗಳಲ್ಲಿ ಒಂದು ಸಿಟಿ ಆಂಜಿಯೋ, ಬಳಿಕ ಸುಮಾರು ಒಂದು ತಿಂಗಳಿಗೆ ಇನ್ನೊಂದು ಆಗಬೇಕು. ಒಳಪದರ ಹರಿದಾದ ಚಿಕ್ಕ ಗಾಯಗಳು ಹೆಚ್ಚಿನವರಲ್ಲಿ ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ. ಮರುಸ್ಕ್ಯಾನಿನಲ್ಲಿ ಎದೆಯನ್ನಷ್ಟೇ, ಕಡಿಮೆ ಡೋಸಿನಲ್ಲಿ ತೆಗೆದರೆ ಸಾಕು. ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದನೇ, ಆರನೇ, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ವಾಡಿಕೆ. ನಮ್ಮ ಭಾಗದಲ್ಲಿ ಗಾಯ ಮಾಯ್ದೊಡನೆ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೊರಟುಬಿಡುವವರು ಬಹಳ. ಆದ್ದರಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿ ಮರುಸ್ಕ್ಯಾನಿನ ತಾರೀಖನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಮೊದಲ ಸಿಟಿಯ ಒಂದು ಪ್ರತಿಯನ್ನು ಮನೆಯವರ ಕೈಗೂ ಕೊಟ್ಟು, ಯಾವ ಊರಿನಲ್ಲಿ ತೋರಿಸಿದರೂ ಇದನ್ನು ಒಯ್ಯಬೇಕೆಂದು ಹೆಂಡತಿಗೋ ತಾಯಿಗೋ ತಿಳಿಯುವಂತೆ ಹೇಳಬೇಕು.